ಎರಡು ಹಾಡುಗಳ ನಡುವಿನ ಸಂದಿ

1950ರ ದಶಕದಲ್ಲಿ ಅಮೆರಿಕದ ಡಲ್ಲಾಸ್ ನಗರದ ಒಂದು ಬ್ಯಾಂಕಿನಲ್ಲಿ ಬೆಟ್ ನೆಸ್ಮಿತ್ ಎಂಬಾಕೆ ಸೆಕ್ರೆಟರಿಯಾಗಿದ್ದಳು. ಟೈಪಿಂಗಿನಲ್ಲಿ ಅವಳ ಕೈ ಅಷ್ಟಕ್ಕಷ್ಟೇ. ಆಗಷ್ಟೇ ಬಂದಿದ್ದ ಎಲೆಕ್ಟ್ರಿಕ್ ಟೈಪ್‌ರೈಟರಿನಲ್ಲಿ ಬಿದ್ದ ತಪ್ಪಕ್ಷರವನ್ನು ರಬ್ಬರಿನಿಂದ ಉಜ್ಜಲು ಹೋದರೆ ಹಾಳೆಯೆಲ್ಲ ಮಸಿಯಾಗುತ್ತಿತ್ತು. ಆಕೆ ಒಂದು ಪುಟ್ಟ ಬಾಟಲಿಯಲ್ಲಿ ಬಿಳಿ ಬಣ್ಣ ತಂದಿಟ್ಟುಕೊಂಡು, ತಪ್ಪಿನ ಮೇಲೆ ಕುಂಚದಿಂದ ಬಳಿದು, ಒಣಗಿದ ಮೇಲೆ ಅದರ ಮೇಲೇ ಟೈಪ್ ಮಾಡತೊಡಗಿದಳು. ನಮ್ಮ ಕಚೇರಿಗಳಲ್ಲಿ ವೈಟ್ನರ್ ಎಂದು ಕರೆಯುವ ವಸ್ತು ಹುಟ್ಟಿದ್ದು ಹಾಗೆ. ಮನೆಯ ಗ್ಯಾರೇಜಿನಲ್ಲಿ ಬಾಟಲಿ ತುಂಬುವ ಕೆಲಸಕ್ಕೆ ಅವಳ ಹರೆಯದ ಮಗ ಮತ್ತು ಅವನ ಗೆಳೆಯರು. 1979ರಲ್ಲಿ ಜಿಲೆಟ್ ಕಂಪನಿ ಆ ‘ಲಿಕ್ವಿಡ್ ಪೇಪರ್’ ವ್ಯವಹಾರವನ್ನು 4.75 ಕೋಟಿ ಡಾಲರಿಗೆ ಕೊಂಡುಕೊಂಡಿತು. ಬಾಟಲಿ ತುಂಬುತ್ತಿದ್ದ ಮಗನ ಹೆಸರು ಮೈಕೆಲ್ ನೆಸ್ಮಿತ್. ಇಪ್ಪತ್ತನಾಲ್ಕು ಗಂಟೆಯೂ ಹಾಡು ತೋರಿಸುವ ಟಿವಿ ಚಾನೆಲ್ಲಿನ ವಂಶವೃಕ್ಷ ಬರೆಯಲು ಕೂತರೆ ಬೇರಿನಲ್ಲಿ ಸಿಗುವ ಹೆಸರು ಇದು.

ಎಂಟಿವಿಯ ಕಥೆ ಹೇಳುವವರೆಲ್ಲ ಅದನ್ನೊಂದು ಅಧಃಪತನದ ಕಥೆಯನ್ನಾಗಿ ಹೇಳುತ್ತಾರೆ. ಮೊದಲು ಶುದ್ಧ ಸಂಗೀತವಿತ್ತು, ಆಮೇಲೆ ಕಾರ್ಟೂನು, ಕುಚೇಷ್ಟೆ, ಮಂಗಾಟ ಎಲ್ಲ ನುಗ್ಗಿ ಸಂಗೀತವನ್ನು ಓಡಿಸಿದವು ಅಂತ. ನನಗೆ ಈ ಕಥೆಯಲ್ಲಿ ನಂಬಿಕೆಯಿಲ್ಲ. ಕುಚೇಷ್ಟೆ ಅಲ್ಲಿ ಮೊದಲಿನಿಂದಲೂ ಇತ್ತು. ಇನ್ನೂ ಹೇಳಬೇಕೆಂದರೆ, ಅದು ಹಾಡಿಗಿಂತ ಮೊದಲೇ ಬಂದು ಕೂತಿತ್ತು.

ನೆಸ್ಮಿತ್‌ನನ್ನೇ ನೋಡಿ. 1965ರಲ್ಲಿ ಹಾಲಿವುಡ್ಡಿನ ಪತ್ರಿಕೆಗಳಲ್ಲಿ ಒಂದು ಜಾಹೀರಾತು ಬಂತು: ಟಿವಿ ಧಾರಾವಾಹಿಗೆ ನಾಲ್ವರು ಹುಚ್ಚು ಹುಡುಗರು ಬೇಕು. ಬೀಟಲ್ಸ್ ತಂಡದ ‘ಎ ಹಾರ್ಡ್ ಡೇಸ್ ನೈಟ್’ ಸಿನಿಮಾದ ಗುಂಗಿನಲ್ಲಿದ್ದ ಬಾಬ್ ರಾಫೆಲ್ಸನ್ ಮತ್ತು ಬರ್ಟ್ ಶ್ನೈಡರ್ ಎಂಬ ನಿರ್ಮಾಪಕರಿಗೆ ಒಂದು ಸುಳ್ಳು ಬ್ಯಾಂಡ್ ಕಟ್ಟಿ ಅದರ ಪಡಿಪಾಟಲನ್ನು ಹಾಸ್ಯ ಮಾಡುವ ಉಮೇದು. ತಲೆಗೆ ಉಲ್ಲನ್ ಟೋಪಿ ಹಾಕಿಕೊಂಡು ಬಂದ ನೆಸ್ಮಿತ್ ಆಯ್ಕೆಯಾದ. 1966ರ ಸೆಪ್ಟೆಂಬರಿನಲ್ಲಿ ಎನ್‌ಬಿಸಿಯಲ್ಲಿ ‘ದ ಮಂಕೀಸ್’ ಶುರುವಾಯಿತು. ಕಥೆ ಎಂಬುದು ನೆಪಕ್ಕೆ. ಹುಡುಗರು ಓಡುತ್ತಾರೆ, ಬೀಳುತ್ತಾರೆ, ಕ್ಯಾಮೆರಾ ನೋಡಿ ಮಾತಾಡುತ್ತಾರೆ, ನಡುವೆ ಎಲ್ಲಿಂದಲೋ ಒಂದು ಹಾಡು ಶುರುವಾಗಿ, ಆ ಹಾಡಿಗೂ ಕಥೆಗೂ ಸಂಬಂಧವಿಲ್ಲದ ದೃಶ್ಯಗಳು ಚಕಚಕ ಕತ್ತರಿಸಿಕೊಂಡು ಓಡುತ್ತವೆ. ಇವತ್ತು ಅದನ್ನು ನೋಡಿದವರು ಮ್ಯೂಸಿಕ್ ವಿಡಿಯೋ ಎನ್ನುತ್ತಾರೆ. ಆಗ ಅದಕ್ಕೆ ಹೆಸರಿರಲಿಲ್ಲ. ಅದು ಹಾಸ್ಯ ಧಾರಾವಾಹಿಯೊಂದರ ಭಾಗವಾಗಿತ್ತು, ಮತ್ತು 1967ರಲ್ಲಿ ಆ ಧಾರಾವಾಹಿಗೆ ಸಿಕ್ಕ ಎಮ್ಮಿ ಪ್ರಶಸ್ತಿಯೂ ಹಾಸ್ಯ ವಿಭಾಗದ್ದೇ.

ಹತ್ತು ವರ್ಷಗಳ ಮೇಲೆ, 1977ರಲ್ಲಿ, ನೆಸ್ಮಿತ್ ತನ್ನ ‘ರಿಯೋ’ ಎಂಬ ಹಾಡಿಗೆ ಪ್ರಚಾರದ ಚಿತ್ರವೊಂದನ್ನು ಮಾಡಿದ. ವಿದೇಶದ ಟಿವಿಗಳಲ್ಲಿ ಇಂಥ ತುಣುಕುಗಳು ಓಡುತ್ತಿದ್ದವು, ಅಮೆರಿಕದಲ್ಲಿ ಮಾತ್ರ ತೋರಿಸುವ ಜಾಗವಿರಲಿಲ್ಲ. ರೇಡಿಯೋದಲ್ಲಿ ಒಂದರ ಹಿಂದೆ ಒಂದು ರೆಕಾರ್ಡು ಹಾಕುವಂತೆ ಟಿವಿಯಲ್ಲಿ ಈ ತುಣುಕುಗಳನ್ನು ಯಾಕೆ ಹಾಕಬಾರದು? ಹೀಗೆ ‘ಪಾಪ್‌ಕ್ಲಿಪ್ಸ್’ ಎಂಬ ಕಾರ್ಯಕ್ರಮ ಹುಟ್ಟಿತು. 1980ರಲ್ಲಿ ಅದು ಓಡಿದ್ದು ಮಕ್ಕಳ ಚಾನೆಲ್ ನಿಕೆಲೋಡಿಯನ್‌ನಲ್ಲಿ. ಹಾಡುಗಳ ನಡುವೆ ಬಂದು ಮಾತಾಡುತ್ತಿದ್ದವರು ಹಾಸ್ಯ ಕಲಾವಿದರು. ವಾರ್ನರ್ ಕೇಬಲ್ ಕಂಪನಿಯ ಜಾನ್ ಲ್ಯಾಕ್‌ಗೆ ಅದು ಹಿಡಿಸಿ, ಇದನ್ನೇ ದಿನವಿಡೀ ಓಡುವ ಚಾನೆಲ್ ಮಾಡೋಣ ಎಂದಾಗ ನೆಸ್ಮಿತ್ ಅದರ ಹಿಂದೆ ಹೋಗಲಿಲ್ಲ. ಹಾಡುಗಳನ್ನೂ ತಲೆಹರಟೆ ಪ್ರಹಸನಗಳನ್ನೂ ಕಲಸಿ ‘ಎಲಿಫೆಂಟ್ ಪಾರ್ಟ್ಸ್’ ಎಂಬ ವಿಡಿಯೋ ಮಾಡಿದ. ಪಕ್ಕದ ಮನೆಯವನಿಗಿಂತ ಒಂದು ಕೈ ಮೇಲಿರಬೇಕಾದರೆ ನಿಮ್ಮ ಮನೆಗೂ ಒಂದು ಅಣ್ವಸ್ತ್ರ ಇರಲಿ ಎನ್ನುವ ಸುಳ್ಳು ಜಾಹೀರಾತು ಅದರಲ್ಲಿದೆ. ಗ್ರ್ಯಾಮಿಯವರು ವರ್ಷದ ವಿಡಿಯೋ ಎಂಬ ಪ್ರಶಸ್ತಿಯನ್ನು 1982ರಲ್ಲಿ ಮೊದಲ ಸಲ ಕೊಟ್ಟಾಗ ಅದು ಹೋದದ್ದು ಇದಕ್ಕೆ. ಎಂಟಿವಿ ಹುಟ್ಟಿ ಆಗ ಆರೇ ತಿಂಗಳು.

ಆ ಹುಟ್ಟು ಕೂಡ ಒಂದು ಪ್ರಹಸನದಂತೆಯೇ ನಡೆಯಿತು. 1981ರ ಆಗಸ್ಟ್ 1, ಮಧ್ಯರಾತ್ರಿ ಕಳೆದು ಒಂದು ನಿಮಿಷ. ನ್ಯೂಯಾರ್ಕಿನಲ್ಲಿ ಕೂತು ಚಾನೆಲ್ ಕಟ್ಟಿದವರಿಗೆ ತಮ್ಮ ಚಾನೆಲ್ಲನ್ನು ತಮ್ಮ ಊರಲ್ಲಿ ನೋಡುವ ಭಾಗ್ಯವಿರಲಿಲ್ಲ, ಮ್ಯಾನ್‌ಹಟನ್ನಿನ ಕೇಬಲ್ಲಿನವರು ಅದನ್ನು ಹಾಕಿರಲಿಲ್ಲ. ನದಿ ದಾಟಿ ನ್ಯೂಜೆರ್ಸಿಯ ಫೋರ್ಟ್ ಲೀ ಎಂಬ ಊರಿನ ಹೋಟೆಲ್ಲೊಂದಕ್ಕೆ ಹೋಗಿ ನೋಡಿದರು. ಮೊದಲ ಹಾಡು ಬಗಲ್ಸ್ ತಂಡದ್ದು, ವಿಡಿಯೋ ಬಂದು ರೇಡಿಯೋ ತಾರೆಯನ್ನು ಕೊಂದಿತು ಎನ್ನುವ ಹಾಡು. ಅದು ಮುಗಿದು ಇನ್ನೊಂದು ಶುರುವಾಗುವ ಮೊದಲು ಟೇಪು ಬದಲಿಸುವ ತನಕ ಪರದೆ ಕಪ್ಪಾಗಿಬಿಡುತ್ತಿತ್ತು. ಮೊದಲೇ ಚಿತ್ರೀಕರಿಸಿಟ್ಟಿದ್ದ ವಿಜೆಗಳ, ಅಂದರೆ ನಿರೂಪಕರ, ಮಾತು ಹಿಂದುಮುಂದಾಗಿ ಪ್ರಸಾರವಾಯಿತು. ಹಾಡುಗಳ ದಾಸ್ತಾನೂ ಕಡಿಮೆ. ಕೆಲವು ರೆಕಾರ್ಡ್ ಕಂಪನಿಗಳು ಪುಕ್ಕಟೆ ಕೊಡುವುದಿಲ್ಲ ಎಂದು ಕೈಯೆತ್ತಿದ್ದವು, ಉಳಿದವುಗಳಲ್ಲಿ ರಾಡ್ ಸ್ಟೀವರ್ಟನೇ ಮತ್ತೆ ಮತ್ತೆ ಬರುತ್ತಿದ್ದ.

ನನ್ನ ಲೆಕ್ಕದಲ್ಲಿ ಈ ಚರಿತ್ರೆಯ ನಿಜವಾದ ರಂಗಸ್ಥಳ ಅಲ್ಲಿದೆ, ಒಂದು ಹಾಡಿಗೂ ಇನ್ನೊಂದಕ್ಕೂ ನಡುವಿನ ಆ ಸಂದಿಯಲ್ಲಿ. ಹಾಡು ರೆಕಾರ್ಡ್ ಕಂಪನಿಯವರ ಸೊತ್ತು. ಅದನ್ನು ಅವರೇ ಮಾಡಿಸಿ ಕಳಿಸುತ್ತಾರೆ, ನಾಳೆ ಬೇರೆಯವರಿಗೂ ಕಳಿಸಬಹುದು. ಚಾನೆಲ್ ತನ್ನದು ಎಂದು ಹೇಳಿಕೊಳ್ಳಬಹುದಾದದ್ದು ಸಂದಿಯಲ್ಲಿ ಬರುವ ಹತ್ತು ಹದಿನೈದು ಸೆಕೆಂಡು ಮಾತ್ರ. ಫ್ರೆಡ್ ಸೈಬರ್ಟ್ ಎಂಬವನ ಉಸ್ತುವಾರಿಯಲ್ಲಿ ಆ ಜಾಗಕ್ಕೆ ಸಣ್ಣ ಸಣ್ಣ ಅನಿಮೇಷನ್ನುಗಳು ಬಂದವು. ಬೇರೆ ಕಂಪನಿಗಳು ತಮ್ಮ ಲಾಂಛನದ ಬಣ್ಣ ಎಳ್ಳಷ್ಟೂ ಬದಲಾಗಬಾರದು ಎಂದು ಕಾವಲು ಕಾಯುತ್ತಿದ್ದ ಕಾಲದಲ್ಲಿ ಎಂಟಿವಿಯ ದಪ್ಪ ‘ಎಂ’ ಅಕ್ಷರ ಒಮ್ಮೆ ಇಟ್ಟಿಗೆ ಗೋಡೆಯಾಗಿ, ಒಮ್ಮೆ ತಿನ್ನುವ ವಸ್ತುವಾಗಿ, ಇನ್ನೊಮ್ಮೆ ಸ್ಫೋಟವಾಗಿ ಕಾಣುತ್ತಿತ್ತು. ಚಂದ್ರನ ಮೇಲೆ ಬಾವುಟ ನೆಡುವ ಮೊದಲ ತುಣುಕು ನಾಸಾದ ಚಿತ್ರ, ಅದಕ್ಕೆ ಕಾಸು ಕೊಡಬೇಕಿರಲಿಲ್ಲ. ಆರ್ಮ್‌ಸ್ಟ್ರಾಂಗರ ಪ್ರಸಿದ್ಧ ಮಾತನ್ನೂ ಸೇರಿಸಬೇಕೆಂದಿದ್ದರು, ಅವರ ಕಡೆಯಿಂದ ಒಪ್ಪಿಗೆ ಸಿಗದೆ ಬರೀ ಬೀಪ್ ಸದ್ದು ಹಾಕಿದರು. ಇಂಥ ತುಣುಕುಗಳಿಗೆ ಸಾಲು ಬರೆಯಲು ಸೇರಿದ ಜೂಡಿ ಮೆಗ್ರಾತ್ ಎಂಬಾಕೆ ಮುಂದೆ 2004ರಲ್ಲಿ ಇಡೀ ಎಂಟಿವಿ ನೆಟ್‌ವರ್ಕ್ಸ್‌ನ ಮುಖ್ಯಸ್ಥೆಯಾದಳು.

ನಮ್ಮ ಕಂಪನಿ ನಾಟಕ ನೋಡಿದವರಿಗೆ ಈ ಸಂದಿಯ ಗುಟ್ಟು ಬಿಡಿಸಿ ಹೇಳಬೇಕಿಲ್ಲ. ಹಿಂದೆ ದರ್ಬಾರಿನ ಸೀನು ಜೋಡಿಸುವಷ್ಟು ಹೊತ್ತು ಮುಂದಿನ ಪರದೆಯ ಎದುರು ಹಾಸ್ಯದವರು ಬಂದು ಜನರನ್ನು ಹಿಡಿದಿಡಬೇಕು. ಸೀನಿಗಾಗಿ ಹಾಸ್ಯ ಎಂದು ಶುರುವಾದದ್ದು, ಬರಬರುತ್ತ ಹಾಸ್ಯಕ್ಕಾಗಿಯೇ ಟಿಕೆಟು ಎಂಬಲ್ಲಿಗೆ ಬಂತು.

ಎಂಟಿವಿಯಲ್ಲೂ ಆಗಿದ್ದು ಅದೇ, ಕಾರಣ ಮಾತ್ರ ಲೆಕ್ಕದ ಪುಸ್ತಕದಲ್ಲಿತ್ತು. ಹಾಡು ಪುಕ್ಕಟೆಯೇ, ಆದರೆ ನೋಡುಗ ನಿಲ್ಲುವುದಿಲ್ಲ. ಇಷ್ಟವಾಗದ ಹಾಡು ಬಂದರೆ ಮೂರು ನಿಮಿಷಕ್ಕೆ ಎದ್ದುಹೋಗುತ್ತಾನೆ, ಮತ್ತೆ ಬಂದರೆ ಬಂದ. ಜಾಹೀರಾತುದಾರರಿಗೆ ಬೇಕಾದದ್ದು ಅರ್ಧ ಗಂಟೆ ಒಂದೇ ಕಡೆ ಕೂರುವ ಜನ, ಇಷ್ಟು ಗಂಟೆಗೆ ಇಂಥ ಕಾರ್ಯಕ್ರಮ ಎಂದು ಕಾದು ಕೂರುವ ಜನ. ಮೈಕೆಲ್ ಜಾಕ್ಸನ್ ಒಬ್ಬ ಹಾಗೆ ಕೂರಿಸಬಲ್ಲವನಾಗಿದ್ದ. ಕಪ್ಪು ಕಲಾವಿದರನ್ನು ಯಾಕೆ ತೋರಿಸುವುದಿಲ್ಲ ಎಂದು 1983ರಲ್ಲಿ ಡೇವಿಡ್ ಬೋವಿ ಎಂಟಿವಿಯ ಸಂದರ್ಶನದಲ್ಲೇ ಕೂತು ವಿಜೆಯನ್ನು ಕೇಳಿದ್ದ. ಅದೇ ವರ್ಷ ‘ಬಿಲಿ ಜೀನ್’ ಬಂತು, ಡಿಸೆಂಬರಿನಲ್ಲಿ ಸುಮಾರು ಹದಿನಾಲ್ಕು ನಿಮಿಷದ ‘ಥ್ರಿಲ್ಲರ್’ ಬಂತು. ಆದರೆ ಜಾಕ್ಸನ್ ದಿನಾ ಹುಟ್ಟುವುದಿಲ್ಲ.

1984ರಲ್ಲಿ ‘ವಿಯರ್ಡ್ ಆಲ್’ ಯಾಂಕೊವಿಕ್ ಎಂಬ ಅಣಕವಾಡುಗಾರ ‘ಆಲ್ ಟಿವಿ’ ಎಂದು ಚಾನೆಲ್ಲನ್ನೇ ಅಪಹರಿಸಿದಂತೆ ನಟಿಸಿದ. ದೊಡ್ಡ ತಾರೆಯರ ಹಳೆಯ ಸಂದರ್ಶನದ ಟೇಪುಗಳನ್ನು ಕತ್ತರಿಸಿ, ಅವರ ಉತ್ತರಗಳ ಮುಂದೆ ತನ್ನದೇ ಅಸಂಬದ್ಧ ಪ್ರಶ್ನೆಗಳನ್ನು ಅಂಟಿಸಿದ. 1985ರಲ್ಲಿ ಎಂಟಿವಿ ಬ್ರಿಟನ್ನಿನಿಂದ ‘ದ ಯಂಗ್ ಒನ್ಸ್’ ತರಿಸಿತು, ಕೊಳಕು ಬಾಡಿಗೆ ಮನೆಯಲ್ಲಿ ಕಚ್ಚಾಡುವ ನಾಲ್ವರು ಕಾಲೇಜು ಹುಡುಗರ ಹಾಸ್ಯ. ಅದರಲ್ಲಿ ಕಥೆ ನಡೆಯುತ್ತಿರುವಾಗಲೇ ಕಾರಣವಿಲ್ಲದೆ ಒಂದು ಬ್ಯಾಂಡು ಕಾಣಿಸಿಕೊಂಡು ಪೂರ್ತಿ ಹಾಡು ಹಾಡಿ ಹೋಗುತ್ತದೆ. ಕಾರಣ ಕಥೆಯಲ್ಲಿಲ್ಲ, ಬಿಬಿಸಿಯ ಕಡತದಲ್ಲಿತ್ತು: ಹಾಡಿದ್ದರೆ ಅದು ‘ವೆರೈಟಿ’ ವಿಭಾಗಕ್ಕೆ ಸೇರುತ್ತಿತ್ತು, ವೆರೈಟಿಗೆ ಹಾಸ್ಯಕ್ಕಿಂತ ಹೆಚ್ಚು ಬಜೆಟ್ಟು! ಅಲ್ಲಿ ಹಾಸ್ಯ ಬದುಕಿದ್ದು ಹಾಡಿನ ದುಡ್ಡಿನಲ್ಲಿ, ಇಲ್ಲಿ ಹಾಡಿನ ಚಾನೆಲ್ ಬದುಕತೊಡಗಿದ್ದು ಹಾಸ್ಯದಿಂದ. 1986ರ ಫೆಬ್ರವರಿಯಲ್ಲಿ ‘ದ ಮಂಕೀಸ್’ನ ಹಳೆಯ ಕಂತುಗಳನ್ನು ದಿನವಿಡೀ ಓಡಿಸಿದಾಗ, ಇಪ್ಪತ್ತು ವರ್ಷದ ಹಿಂದಿನ ಆ ಸುಳ್ಳು ಬ್ಯಾಂಡಿನ ಮೇಲೆ ಹೊಸ ಹುಡುಗರು ಮುಗಿಬಿದ್ದರು. ಬ್ಯಾಂಡಿನವರು ಮತ್ತೆ ಊರೂರು ಸುತ್ತಿ ಕಾರ್ಯಕ್ರಮ ಕೊಡುವಷ್ಟು.

1987ರ ಕೊನೆಗೆ ಬಂದ ‘ರಿಮೋಟ್ ಕಂಟ್ರೋಲ್’ ಎಂಬ ಕ್ವಿಜ್ಜು ಒಂದು ನೆಲಮಾಳಿಗೆಯಲ್ಲಿ ನಡೆಯುವಂಥದ್ದು. ಸ್ಪರ್ಧಿಗಳು ಆರಾಮಕುರ್ಚಿಯಲ್ಲಿ ಬೆಲ್ಟು ಬಿಗಿದು ಕೂತಿರುತ್ತಾರೆ. ಪ್ರಶ್ನೆಗಳೆಲ್ಲ ಟಿವಿ, ಸಿನಿಮಾ, ಸಂಗೀತದ ಬಗ್ಗೆಯೇ. ಸೋತವನನ್ನು ಕುರ್ಚಿಸಮೇತ ಹಿಂದಿನ ಗೋಡೆಯೊಳಗೆ ಎಳೆದು ಹಾಕುತ್ತಾರೆ, ಅವನು ಬೊಬ್ಬೆ ಹೊಡೆಯುತ್ತ ಕತ್ತಲಲ್ಲಿ ಮಾಯ. ಅಲ್ಲಿ ಚಿಲ್ಲರೆ ಪಾತ್ರ ಮಾಡುತ್ತಿದ್ದ ಹುಡುಗ ಆಡಮ್ ಸ್ಯಾಂಡ್ಲರ್. 1990ರಲ್ಲಿ ಬೆನ್ ಸ್ಟಿಲ್ಲರ್ ತನ್ನ ಹೆಸರಿನ ಕಾರ್ಯಕ್ರಮದಲ್ಲಿ ವಿಡಿಯೋಗಳ ನಡುವೆ ಪ್ರಹಸನ ತುರುಕುತ್ತಿದ್ದ. 1993ರಲ್ಲಿ ಜಾನ್ ಸ್ಟೀವರ್ಟ್ ಎಂಬಾತ ಎಂಟಿವಿಯಲ್ಲಿ ಹರಟೆ ಕಾರ್ಯಕ್ರಮ ಶುರುಮಾಡಿದ. ಮುಂದೆ ‘ದ ಡೈಲಿ ಶೋ’ದಲ್ಲಿ ಅಮೆರಿಕದ ರಾಜಕಾರಣಿಗಳ ಬೆವರಿಳಿಸಿದವನು ಅವನೇ. ಇವರಿಗೆಲ್ಲ ಸಂಬಳ ಕಡಿಮೆ, ಸ್ವಾತಂತ್ರ್ಯ ಹೆಚ್ಚು. ಯಾರೂ ಗಂಭೀರವಾಗಿ ನೋಡದ ಜಾಗದಲ್ಲಿ ಏನು ಬೇಕಾದರೂ ಮಾಡಿ ನೋಡಬಹುದು.

ಇಷ್ಟೆಲ್ಲದರ ತುದಿ ‘ಬೀವಿಸ್ ಅಂಡ್ ಬಟ್‌ಹೆಡ್’. ಇದನ್ನು ಮಾಡಿದ ಮೈಕ್ ಜಡ್ಜ್ ಭೌತಶಾಸ್ತ್ರ ಓದಿದವನು, ಇಂಜಿನಿಯರ್ ಕೆಲಸ ಬಿಟ್ಟು ಬ್ಲೂಸ್ ತಂಡಗಳಲ್ಲಿ ಬೇಸ್ ಗಿಟಾರ್ ನುಡಿಸಿಕೊಂಡಿದ್ದವನು. ಒಂದು ಬೋಲೆಕ್ಸ್ ಕ್ಯಾಮೆರಾ ಕೊಂಡು ಟೆಕ್ಸಾಸಿನ ಮನೆಯಲ್ಲಿ ಒಬ್ಬನೇ ಕೂತು ಚಿತ್ರ ಬರೆದು, ಎರಡೂ ಪಾತ್ರಗಳಿಗೆ ತಾನೇ ದನಿ ಕೊಟ್ಟ. 1992ರ ಅವನ ಪುಟ್ಟ ಚಿತ್ರದಲ್ಲಿ ಇಬ್ಬರು ಪಡ್ಡೆಗಳು ಕಪ್ಪೆಯನ್ನು ಚೆಂಡು ಮಾಡಿಕೊಂಡು ಬೇಸ್‌ಬಾಲ್ ಆಡುತ್ತಾರೆ. ಅದು ಪ್ರಸಾರವಾದದ್ದು ಎಂಟಿವಿಯ ‘ಲಿಕ್ವಿಡ್ ಟೆಲಿವಿಷನ್’ನಲ್ಲಿ. ಈ ವಿಚಿತ್ರ ಅನಿಮೇಷನ್ ಸರಣಿಯನ್ನು ತಯಾರಿಸುತ್ತಿದ್ದ ಸ್ಯಾನ್‌ಫ್ರಾನ್ಸಿಸ್ಕೋದ ಕೊಲಾಸಲ್ ಪಿಕ್ಚರ್ಸ್, ಮೊದಲು ಎಂಟಿವಿಗೆ ಆ ಕುಣಿಯುವ ‘ಎಂ’ಗಳನ್ನು ಮಾಡಿಕೊಡುತ್ತಿದ್ದ ಸಂಸ್ಥೆಗಳಲ್ಲೊಂದು. ಸಂದಿಯಲ್ಲಿ ಹುಟ್ಟಿದ್ದು ಈಗ ಅರ್ಧ ಗಂಟೆಯ ಕಾರ್ಯಕ್ರಮವಾಗಿ ನಿಂತಿತ್ತು.

1993ರ ಮಾರ್ಚ್ 8ರಂದು ಬೀವಿಸ್ ಸರಣಿ ಶುರುವಾಯಿತು. ಕಥೆಯ ಭಾಗ ಹಾಗಿರಲಿ, ಜನ ಕಾಯುತ್ತಿದ್ದುದು ಅವರಿಬ್ಬರೂ ಸೋಫಾದಲ್ಲಿ ಕೂತು ಎಂಟಿವಿ ನೋಡುವ ಭಾಗಕ್ಕೆ. ನಿಜವಾದ ಮ್ಯೂಸಿಕ್ ವಿಡಿಯೋ ಓಡುತ್ತಿರುತ್ತದೆ. ಒಬ್ಬನ ಹಲ್ಲಿಗೆ ತಂತಿ, ಇನ್ನೊಬ್ಬನ ದವಡೆ ಮುಂದಕ್ಕೆ. ಇಬ್ಬರಿಗೂ ಲೋಕದಲ್ಲಿ ಎರಡೇ ಬಗೆ: ‘ಕೂಲ್’ ಆದದ್ದು, ಆಗದ್ದು. ಗಾಯಕ ಗಾಳಿಗೆ ಕೂದಲು ಹಾರಿಸಿಕೊಂಡು ಬೆಟ್ಟದ ತುದಿಯಲ್ಲಿ ನಿಂತರೆ ಹೆ ಹೆ ಎಂದು ನಗುತ್ತಾರೆ, ಮೆಟಲ್ ಗಿಟಾರ್ ಮೊಳಗಿದರೆ ಕೂತಲ್ಲೇ ತಲೆ ಕೊಡವುತ್ತಾರೆ. ಈ ಮಾತುಗಳನ್ನು ಜಡ್ಜ್ ಬಹುಪಾಲು ಮೈಕಿನ ಮುಂದೆ ಆಗಿಂದಾಗ್ಗೆ ಹೊಸೆಯುತ್ತಿದ್ದ. ಪತ್ರಿಕೆಗಳಲ್ಲಿ ಸಂಗೀತ ವಿಮರ್ಶೆ ಬರೆಯುವವರಿಗೆ ಇಲ್ಲದ ಅಧಿಕಾರ ಈ ಇಬ್ಬರು ದಡ್ಡರಿಗೆ ಬಂತು. ಅವರು ಮೆಚ್ಚಿದ ಮೇಲೆ ವೈಟ್ ಝಾಂಬಿ ಎಂಬ ತಂಡದ, ಯಾರೂ ಮೂಸದಿದ್ದ ಆಲ್ಬಮ್ ಲಕ್ಷಗಟ್ಟಲೆ ಮಾರಾಟವಾಯಿತು. ಇನ್ನೊಂದು ಕಡೆ, ಅದೇ ಸರಣಿಯ ಸ್ಟೀವರ್ಟ್ ಎಂಬ ಪೆದ್ದು ಹುಡುಗನಿಗೆ ವಿಂಗರ್ ಬ್ಯಾಂಡಿನ ಟೀಶರ್ಟ್ ತೊಡಿಸಿದ್ದೇ ತಡ, ಆ ಬ್ಯಾಂಡಿನ ಮರ್ಯಾದೆ ಮೂರಾಬಟ್ಟೆಯಾಯಿತು.

ಅದೇ ವರ್ಷ ಓಹಾಯೋದಲ್ಲಿ ಐದು ವರ್ಷದ ಮಗುವೊಂದು ಹಚ್ಚಿದ ಬೆಂಕಿಯಲ್ಲಿ ಅದರ ಪುಟ್ಟ ತಂಗಿ ತೀರಿಕೊಂಡಳು. ಬೆಂಕಿಯ ಹುಚ್ಚಿನ ಬೀವಿಸ್‌ನನ್ನು ನೋಡಿ ಮಗು ಹಾಗೆ ಮಾಡಿತು ಎಂದು ತಾಯಿ ದೂರಿದಳು. ಎಂಟಿವಿ ಕಾರ್ಯಕ್ರಮವನ್ನು ರಾತ್ರಿ ಹತ್ತೂವರೆಗೆ ದೂಡಿ, ಬೆಂಕಿಯ ಮಾತನ್ನೆಲ್ಲ ಕತ್ತರಿಸಿತು. ಮುಂದೆ ಈ ಸರಣಿ ಡಿವಿಡಿಯಾಗಿ ಬಂದಾಗ ಮತ್ತೊಂದು ಕತ್ತರಿ ಬಿತ್ತು. ಟಿವಿಯಲ್ಲಿ ತೋರಿಸಲು ಪುಕ್ಕಟೆ ಸಿಕ್ಕಿದ್ದ ವಿಡಿಯೋಗಳಿಗೆ ಡಿವಿಡಿಯಲ್ಲಿ ಹಕ್ಕಿನ ಹಣ ಕೊಡಬೇಕು. ಹಾಗಾಗಿ ಸೋಫಾದ ಭಾಗಗಳಲ್ಲಿ ಬಹಳಷ್ಟು ಬಿಟ್ಟೇಹೋದವು. ಅಂಗಡಿಯಲ್ಲಿ ಕೊಂಡು ತಂದವರಿಗೆ ಸಿಕ್ಕಿದ್ದು ಅರ್ಧ ಬೀವಿಸ್.

ನಮ್ಮ ದೇಶಕ್ಕೆ ಈ ವ್ಯಾಪಾರ ಬಂದದ್ದು 1991ರಲ್ಲಿ, ಹಾಂಗ್‌ಕಾಂಗಿನ ಸ್ಟಾರ್ ಟಿವಿಯ ಡಿಶ್ಶಿನ ಮೂಲಕ. ಬೀದಿಯ ಕೇಬಲ್ಲಿನವನು ಮನೆಮನೆಗೆ ವೈರು ಎಳೆಯುತ್ತಿದ್ದ ದಿನಗಳು. 1994ರಲ್ಲಿ ಸ್ಟಾರ್‌ಗೂ ಎಂಟಿವಿಗೂ ಬೇರೆಯಾಗಿ, ಆ ಜಾಗದಲ್ಲಿ ಸ್ಟಾರ್ ತನ್ನದೇ ‘ಚಾನೆಲ್ ವಿ’ ಇಟ್ಟಿತು. ಎಂಟಿವಿ ಭಾರತದ ಚಾನೆಲ್ಲಾಗಿ ಮರಳಿದ್ದು 1996ರ ಅಕ್ಟೋಬರಿನಲ್ಲಿ. ಇಲ್ಲಿ ಇಬ್ಬರೂ ಒಂದು ಗೋಡೆಗೆ ಹಣೆ ಹಚ್ಚಿದರು. ಹಾಡಿಗೆ ಚಿತ್ರ ಜೋಡಿಸಿ ತೋರಿಸುವುದು ನಮಗೇನು ಹೊಸತೇ? ಸಿನಿಮಾ ಅದನ್ನು ದಶಕಗಳಿಂದ ಮಾಡಿಕೊಂಡೇ ಬಂದಿತ್ತು. ಹಿಂದಿಯಲ್ಲಿ ‘ಚಿತ್ರಹಾರ್’, ಬೆಂಗಳೂರು ದೂರದರ್ಶನದಲ್ಲಿ ‘ಚಿತ್ರಮಂಜರಿ’ ಎಂದರೆ ಆ ಹೊತ್ತಿಗೆ ಬೀದಿ ಖಾಲಿ. ಅಲಿಶಾ ಚಿನಾಯ್, ಕಲೋನಿಯಲ್ ಕಸಿನ್ಸ್‌ರಂಥವರ ಪಾಪ್ ಒಂದು ಗಳಿಗೆ ಮಿಂಚಿತು ನಿಜ. ಕೊನೆಗೆ ಎರಡೂ ಚಾನೆಲ್ಲುಗಳು ಹಿಂದಿ ಸಿನಿಮಾ ಹಾಡಿಗೇ ಶರಣಾದವು. ಎಲ್ಲರೂ ತೋರಿಸುವ ಹಾಡನ್ನೇ ತಾವೂ ತೋರಿಸಬೇಕಾದ ಮೇಲೆ, ಬೇರೆಯಾಗಿ ಕಾಣಲು ಅವರಿಗೂ ಉಳಿದದ್ದು ಸಂದಿಯೇ.

ಆ ಸಂದಿಯಲ್ಲಿ ಚಾನೆಲ್ ವಿ ಸೃಷ್ಟಿಸಿದ ‘ಕ್ವಿಕ್ ಗನ್ ಮುರುಗನ್’ ನನ್ನ ಪ್ರಕಾರ ಭಾರತೀಯ ಟಿವಿಯ ಒಳ್ಳೆಯ ನಗೆಗಳಲ್ಲೊಂದು. ರಾಜೇಶ್ ದೇವರಾಜ್ ಬರೆದು ಶಶಾಂಕ ಘೋಷ್ ಚಿತ್ರಿಸಿದ ಪ್ರೋಮೋ ಅದು. ಚಿರತೆಚುಕ್ಕಿಯ ಉಡುಪು, ಸೊಂಟಕ್ಕೆ ಪಿಸ್ತೂಲು, ಸಸ್ಯಾಹಾರಿ ಕೌಬಾಯ್, ಮಾತು ಮುಗಿಸುವುದು ‘ಮೈಂಡ್ ಇಟ್’ ಎಂದು. ಮುಂಬಯಿಯವರಿಗೆ ದಕ್ಷಿಣವೆಲ್ಲ ಒಂದೇ ಮದರಾಸು ಎಂಬ ಹಳೆಯ ಸಿಟ್ಟು ನನಗೂ ಇದೆ. ಆದರೆ ಮುರುಗನ್ ಬರೀ ಲೇವಡಿಯಲ್ಲ. ತಮಿಳಿನ ಜೈಶಂಕರ್, ತೆಲುಗಿನ ಕೃಷ್ಣ ಎಪ್ಪತ್ತರ ದಶಕದಲ್ಲಿ ನಿಜವಾಗಿಯೂ ಟೋಪಿ ಹಾಕಿ ಕುದುರೆ ಏರಿದ್ದರಲ್ಲ! ಆ ಸಿನಿಮಾಗಳನ್ನು ಪ್ರೀತಿಯಿಂದ ನೋಡಿದವನೇ ಮಾಡಬಲ್ಲ ಅಣಕ ಅದು. 2009ರಲ್ಲಿ ಇದೇ ಘೋಷ್ ಅದನ್ನು ಸಿನಿಮಾ ಮಾಡಿದಾಗ ಮುರುಗನ್ ಆದವರು ತೆಲುಗಿನ ಹಾಸ್ಯನಟ ರಾಜೇಂದ್ರ ಪ್ರಸಾದ್, ಖಳ ರೈಸ್‌ಪ್ಲೇಟ್ ರೆಡ್ಡಿಯಾಗಿ ನಾಸರ್. ಪುಟ್ಟ ಪ್ರೋಮೋದಲ್ಲಿ ಕಚಗುಳಿ ಇಟ್ಟದ್ದು ಒಂದೂವರೆ ಗಂಟೆಗೆ ಎಳೆದಾಗ ಸ್ವಲ್ಪ ತೆಳುವಾಯಿತು.

ಮುನೀಶ್ ಮಖೀಜಾ ಅದೇ ಚಾನೆಲ್ ವಿಯಲ್ಲಿ ಹರಿಯಾಣದ ಉಡಾಫೆ ಜಾಟ ಉಧಮ್ ಸಿಂಗ್ ಆಗಿ ಬಂದ. ಅನುರಾಧಾ ಮೆನನ್, ದಪ್ಪ ಕನ್ನಡಕ ಮತ್ತು ಮುಡಿತುಂಬ ಮಲ್ಲಿಗೆಯ ಲೋಲಾ ಕುಟ್ಟಿಯಾಗಿ ಬಾಲಿವುಡ್ ತಾರೆಗಳನ್ನು ಕೂರಿಸಿಕೊಂಡು ಪೇಚಿಗೆ ಸಿಕ್ಕಿಸುತ್ತಿದ್ದಳು. ಎಂಟಿವಿಯ ಕಡೆ ಸೈರಸ್ ಬರೋಚಾ ಬೀದಿಯಲ್ಲಿ ಸಿಕ್ಕಸಿಕ್ಕವರನ್ನು ಮಂಗ ಮಾಡಿ ‘ಬಕರಾ’ ಎಂದ. ಸೈರಸ್ ಸಾಹುಕಾರ್ ಬಿಳಿಯುಡುಗೆ ಉಟ್ಟು ಸೆಮಿ ಗಿರೆಬಾಲ್ ಆದ, ಸಿಮಿ ಗರೆವಾಲ್ ಅವರ ನಯವಾದ ಸಂದರ್ಶನಗಳ ಅಣಕ. ರಣವೀರ್ ಶೋರೆ, ವಿನಯ್ ಪಾಠಕ್ ಚಾನೆಲ್ ವಿಯಲ್ಲಿ ಕೈ ಪಳಗಿಸಿಕೊಂಡು ‘ಖೋಸ್ಲಾ ಕಾ ಘೋಸ್ಲಾ’, ‘ಭೇಜಾ ಫ್ರೈ’ಗಳಿಗೆ ಹೋದರು. ಬೆಂಗಳೂರಿನಲ್ಲಿ ಆರ್ಕಿಟೆಕ್ಚರ್ ಓದಿದ ಕೊಡವರ ಹುಡುಗ ನಿಖಿಲ್ ಚಿನ್ನಪ್ಪ ಇದೇ ಗುಂಪಿನ ನಡುವೆ ಸಂಗೀತವನ್ನೇ ನೆಚ್ಚಿಕೊಂಡ ವಿಜೆ.

ಕನ್ನಡದಲ್ಲಿ ಮಾತ್ರ ಈ ಸಂದಿ ತೆರೆಯಲೇ ಇಲ್ಲ. 1994ರಲ್ಲಿ ಉದಯ ಟಿವಿ ಬಂತು, ಆಮೇಲೆ ಹಾಡಿಗೆಂದೇ ಚಾನೆಲ್ಲುಗಳು ಬಂದವು, 2014ರಲ್ಲಿ ಪಬ್ಲಿಕ್ ಮ್ಯೂಸಿಕ್ ಬಂತು. ನಿರೂಪಕರು ಊಟ ಆಯ್ತಾ, ಯಾರಿಗೆ ಡೆಡಿಕೇಟ್ ಮಾಡ್ತೀರಾ ಎಂದು ಕೇಳುವುದರಲ್ಲೇ ಹೊತ್ತು ಹೋಯಿತು. ನಮ್ಮ ನಗೆ ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ಗಳಂಥ ಧಾರಾವಾಹಿಗಳಲ್ಲಿ ಬೇರೆ ಮನೆ ಮಾಡಿತು. ಅಲ್ಲಿ ಸೊಗಸಾಗಿಯೇ ಬದುಕಿತು, ಆದರೆ ಹಾಡಿನ ಜತೆ ಒಂದೇ ಚಾಪೆಯಲ್ಲಿ ಕೂತು ಅದನ್ನು ಕೆಣಕುವ ಅವಕಾಶ ಸಿಗಲಿಲ್ಲ. ಸಿನಿಮಾದವರನ್ನು ಕೆಣಕಿದರೆ ನಾಳೆ ಹಾಡು ಕೊಡುವುದಿಲ್ಲ ಎಂಬ ಅಂಜಿಕೆಯೂ ಇದ್ದೀತು.

ಹಾಡನ್ನು ಓಡಿಸಿದ್ದು ಹಾಸ್ಯವಲ್ಲ ಎಂದೆ. ಓಡಿಸಿದ್ದು ಬೇರೆಯೇ. 1992ರಲ್ಲಿ, ಚಿತ್ರಕಥೆ ಬರೆಸಿ ನಟರನ್ನು ಹಾಕಿ ಧಾರಾವಾಹಿ ಮಾಡುವುದು ದುಬಾರಿ ಎಂಬ ಕಾರಣಕ್ಕೆ, ಎಂಟಿವಿ ನ್ಯೂಯಾರ್ಕಿನ ಮನೆಯೊಂದರಲ್ಲಿ ಏಳು ಅಪರಿಚಿತರನ್ನು ಕೂಡಿಹಾಕಿ ‘ದ ರಿಯಲ್ ವರ್ಲ್ಡ್’ ಮಾಡಿತ್ತು. ಬರಹಗಾರನೂ ಬೇಡ, ಹಾಡುಗಾರನೂ ಬೇಡ. ಭಾರತದಲ್ಲಿ 2003ರ ‘ರೋಡೀಸ್’ ಅದೇ ದಾರಿ ಹಿಡಿಯಿತು. ರಿಯಾಲಿಟಿ ಬಂದ ಮೇಲೆ ಹಾಡೂ ಹಾಸ್ಯವೂ ಒಟ್ಟಿಗೇ ಗಂಟುಮೂಟೆ ಕಟ್ಟಿದವು. ಎರಡು ಹಾಡಿಲ್ಲದ ಕಡೆ ನಡುವಿನ ಸಂದಿ ಎಲ್ಲಿಂದ ಬರಬೇಕು? 2010ರಲ್ಲಿ ಅಮೆರಿಕದ ಎಂಟಿವಿ ತನ್ನ ಲಾಂಛನದ ಕೆಳಗಿದ್ದ ‘ಮ್ಯೂಸಿಕ್ ಟೆಲಿವಿಷನ್’ ಎಂಬ ಸಾಲನ್ನು ಕಿತ್ತುಹಾಕಿತು. ಚಾನೆಲ್ ವಿ ಇಂಡಿಯಾ 2018ರಲ್ಲಿ ಬಾಗಿಲು ಮುಚ್ಚಿತು.

2011ರಲ್ಲಿ ಬೀವಿಸ್ ಮತ್ತು ಬಟ್‌ಹೆಡ್ ಎಂಟಿವಿಗೆ ಮರಳಿದರು. ಸೋಫಾದಲ್ಲಿ ಕೂತು ನೋಡಲು ಅವರ ಚಾನೆಲ್ಲಿನಲ್ಲೇ ವಿಡಿಯೋಗಳು ಅಪರೂಪವಾಗಿದ್ದವು. ಹಾಗಾಗಿ ಹಾಡುಗಳ ಜತೆಗೆ ‘ಜೆರ್ಸಿ ಶೋರ್’ನಂಥ ಎಂಟಿವಿಯದೇ ರಿಯಾಲಿಟಿ ಕಾರ್ಯಕ್ರಮಗಳನ್ನು ನೋಡಿ ಆಡಿಕೊಂಡರು, ಚಾನೆಲ್ ಅದನ್ನು ಹಾಗೇ ಪ್ರಸಾರ ಮಾಡಿತು. 2022ರಲ್ಲಿ ಮತ್ತೆ ಬಂದಾಗ ಅವರು ಪ್ಯಾರಮೌಂಟ್ ಪ್ಲಸ್‌ನಲ್ಲಿದ್ದರು. ಈ ಸಲ ಹಾಡಿನ ವಿಡಿಯೋಗಳ ಜತೆ ಯೂಟ್ಯೂಬಿನ ತುಣುಕುಗಳನ್ನೂ ನೋಡುತ್ತಿದ್ದರು. ಹಾಡುಗಳು ಗುಳೆ ಹೋದದ್ದು ಅಲ್ಲಿಗೇ, ಇವರೂ ಹಿಂದೆಯೇ ಹೋಗಿದ್ದರು.